ಮೊದಲ ಹಾಫ್ ಐರನ್‌ಮ್ಯಾನ್: ಸೈಕಲ್ ಮೇಲೆ ತಿನ್ನುವುದನ್ನು ಕಲಿಯಿರಿ

1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಸವಾರಿ, 21.1 ಕಿ.ಮೀ. ಓಟ, ಎಲ್ಲವೂ ಎಂಟೂವರೆ ಗಂಟೆಯೊಳಗೆ. ಪಣಜಿಯ ಮಿರಾಮಾರ್ ಕಡಲತೀರದಲ್ಲಿ 2019ರಲ್ಲಿ ಆರಂಭವಾದ ಐರನ್‌ಮ್ಯಾನ್ 70.3, ಅಂದರೆ ಹಾಫ್ ಐರನ್‌ಮ್ಯಾನ್ ಎಂಬ ಟ್ರಯಥ್ಲಾನ್ (ಮೂರು ಆಟಗಳ) ಸ್ಪರ್ಧೆಯ ಸ್ವರೂಪ ಇದು. ಇಂಥ ಸ್ಪರ್ಧೆಗಳಲ್ಲಿ ತಿಂಗಳುಗಟ್ಟಲೆ ಶ್ರಮಿಸಿದವರು ಓಟದ ಅರ್ಧದಲ್ಲಿ ರಸ್ತೆಬದಿಗೆ ಕುಸಿಯುವುದನ್ನು ನೋಡಿದ್ದೇನೆ. ಕಾಲು ಕೈಕೊಟ್ಟಿತೆಂದು ಅವರು ಹೇಳುತ್ತಾರೆ. ಆದರೆ ಅವರು ನಿಲ್ಲಿಸಿ ಬಂದ ಸೈಕಲ್ಲಿನ ಬಾಟಲಿಗಳನ್ನು ನೋಡಿದರೆ ಒಂದು ಮುಕ್ಕಾಲು ತುಂಬಿರುತ್ತದೆ, ಇನ್ನೊಂದರಲ್ಲಿ ಬರೀ ನೀರಿರುತ್ತದೆ.

ಮೊದಲ ಹಂತ, ತರಬೇತಿ. ಹತ್ತು ಕಿ.ಮೀ. ಓಡಬಲ್ಲವರಿಗೆ ಆರು ತಿಂಗಳು ಸಾಕು. ವಾರಕ್ಕೆ ಎರಡು ಮೂರು ಸಲ ಈಜು, ಅಷ್ಟೇ ಸಲ ಸೈಕಲ್, ಅಷ್ಟೇ ಸಲ ಓಟ. ಪ್ರತಿ ನಾಲ್ಕನೆಯ ವಾರ ಹಗುರ. ಕೊನೆಯ ಎರಡು ವಾರ ವಿಶ್ರಾಂತಿಯ ಕಡೆಗೆ.

ಎರಡನೆಯ ಹಂತ, ಈಜು. ಕೊಳದಲ್ಲಿ ದಾರಿ ತೋರಿಸುವ ಗೆರೆ ಸಮುದ್ರದಲ್ಲಿ ಇರುವುದಿಲ್ಲವಾದ್ದರಿಂದ ಆರೆಂಟು ಕೈಬೀಸಿಗೊಮ್ಮೆ ತಲೆಯೆತ್ತಿ ಗುರುತಿನ ತೇಲುಬುರುಡೆಯನ್ನು ನೋಡುವ ಅಭ್ಯಾಸ ಬೇಕು. ಮಲ್ಪೆಯಲ್ಲೋ ಕಾರವಾರದಲ್ಲೋ ಜೀವರಕ್ಷಕರು ಇರುವ ಹೊತ್ತಿನಲ್ಲಿ, ಜೊತೆಗಾರರೊಂದಿಗೆ, ಕೆಲವು ಸಲವಾದರೂ ಈಜಿರಿ. ವೆಟ್‌ಸೂಟ್‌ ಎಂಬ ಮೈಗಂಟುವ ರಬ್ಬರ್ ಈಜುಡುಪಿಗೆ ಹಣ ಸುರಿಯಬೇಡಿ; ನೀರಿನ ಉಷ್ಣತೆ 24.5 ಡಿಗ್ರಿ ದಾಟಿದರೆ ಸ್ಪರ್ಧೆಯಲ್ಲಿ ಅದಕ್ಕೆ ಮಾನ್ಯತೆಯಿಲ್ಲ, ಗೋವಾದ ಸಮುದ್ರವೋ ಅದಕ್ಕಿಂತ ಬೆಚ್ಚಗಿರುತ್ತದೆ.

ಮೂರನೆಯ ಹಂತವೇ ನಿಜವಾದ ಪರೀಕ್ಷೆ: ಸೈಕಲ್ ಮೇಲಿನ ಆಹಾರ. ಸೈಕಲ್ ಸಾಧಾರಣ ರೋಡ್ ಬೈಕ್ ಆದರೆ ಸಾಕು. ಮೊದಲ ಸ್ಪರ್ಧೆಗೆ ದುಬಾರಿ ಟ್ರಯಥ್ಲಾನ್ ಸೈಕಲ್ ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನಿಮ್ಮ ಬೆವರನ್ನು ಅಳೆಯಿರಿ. ಒಂದು ಗಂಟೆಯ ಸವಾರಿಗೆ ಮುಂಚೆ ಮತ್ತು ನಂತರ, ಮೈ ಒರೆಸಿಕೊಂಡು, ಬಟ್ಟೆಯಿಲ್ಲದೆ ತೂಕ ನೋಡಿ. 800 ಗ್ರಾಂ ಇಳಿದಿದ್ದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಗಂಟೆಗೆ 1.3 ಲೀಟರ್ ಬೆವರಿದಿರಿ ಎಂದರ್ಥ. ಬೆಂಗಳೂರಿನ ಬೆಳಗಿನ ತಂಪಿನಲ್ಲಿ ಸಿಕ್ಕ ಲೆಕ್ಕ ಕರಾವಳಿಯ ಸೆಕೆಗೆ ಹೊಂದುವುದಿಲ್ಲವಾದ್ದರಿಂದ ಬಿಸಿಲೇರಿದ ಮೇಲೂ ಒಮ್ಮೆ ಅಳೆಯಿರಿ. ಹೋದದ್ದನ್ನೆಲ್ಲ ಆಗಲೇ ತುಂಬಿಸಲು ಹೋಗಬೇಡಿ. ಹೊಟ್ಟೆ ಕುಲುಕದಷ್ಟು ಕುಡಿದರೆ ಸರಿ.

ಮುಂದಿನದು ಸಕ್ಕರೆಯ ಲೆಕ್ಕ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೊಹೈಡ್ರೇಟ್ ಗುರಿಯಾಗಿರಲಿ, ಆದರೆ 30 ಗ್ರಾಂನಿಂದ ಆರಂಭಿಸಿ ವಾರವಾರ ಏರಿಸಿ, ಏಕೆಂದರೆ ಕಾಲಿನಂತೆ ಕರುಳಿಗೂ ತರಬೇತಿ ಬೇಕು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕರುಳಿನಲ್ಲಿ ಬೇರೆಬೇರೆ ದಾರಿಯಿಂದ ಹೀರಲ್ಪಡುತ್ತವೆ. ಮನೆಯ ಸಕ್ಕರೆಯಲ್ಲಿ ಎರಡೂ ಸಮಪಾಲಾಗಿವೆ. ಆದ್ದರಿಂದ 750 ಮಿಲಿಲೀಟರ್ ಬಾಟಲಿಗೆ 45 ಗ್ರಾಂ ಸಕ್ಕರೆ, ಕಾಲು ಚಹಾ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಹಾಕಿ. ಗಂಟೆಗೆ ಒಂದು ಬಾಟಲಿ, ಜೊತೆಗೆ ಅರ್ಧ ಬಾಳೆಹಣ್ಣು ತೆಗೆದುಕೊಂಡರೆ ಲೆಕ್ಕ ಕೂಡುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ 90 ಕಿ.ಮೀ.ಗೆ ಮೂರೂವರೆ ಗಂಟೆಗೂ ಮೇಲಾಗುವುದರಿಂದ ನಾಲ್ಕು ಬಾಟಲಿ ಬೇಕು. ಸೈಕಲ್ಲಿಗೆ ಹಿಡಿಯುವುದು ಎರಡೇ. ಉಳಿದೆರಡಕ್ಕೆ ಸಕ್ಕರೆ ಉಪ್ಪನ್ನು ಪುಟ್ಟ ಜಿಪ್ ಕವರ್‌ಗಳಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ದಾರಿಯ ನೀರಿನ ಕೇಂದ್ರದಲ್ಲಿ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಪುಡಿಯನ್ನು ಬಾಟಲಿಗೆ ಸುರಿದು ಕುಲುಕಿ. ಓಡುತ್ತಿರುವ ಸೈಕಲ್ ಮೇಲೆ ಇದನ್ನು ಮಾಡಹೊರಟವರ ಸಕ್ಕರೆ ಹ್ಯಾಂಡಲ್ ಮೇಲಿರುತ್ತದೆ, ಬ್ರೇಕ್ ಅಂಟಂಟಾಗಿರುತ್ತದೆ.

ಈಜಿ ಬಂದ ಮೊದಲ ಕಾಲು ಗಂಟೆ ಒಂದೆರಡು ಗುಟುಕು ನೀರು ಸಾಕು, ಉಪ್ಪುನೀರು ಕುಡಿದ ಹೊಟ್ಟೆ ಶಾಂತವಾಗಲಿ. ಆಮೇಲೆ ಗಡಿಯಾರದಲ್ಲಿ ಹತ್ತು ನಿಮಿಷಕ್ಕೊಂದು ಅಲಾರಂ ಇಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಕೊನೆಯ ಕಾಲು ಗಂಟೆಯಲ್ಲಿ ಗಟ್ಟಿ ಆಹಾರ ಬೇಡ. ಇಷ್ಟಾದರೂ ಪೆಡಲ್ ಮೇಲೆ ಹಿಡಿತವಿಲ್ಲದಿದ್ದರೆ ಎಲ್ಲವೂ ವ್ಯರ್ಥ: ಏದುಸಿರು ಬಿಡುತ್ತ ತುಳಿದಾಗ ರಕ್ತವೆಲ್ಲ ತೊಡೆಗೆ ಹರಿದು ಜೀರ್ಣಕ್ರಿಯೆ ಕುಂಠಿತವಾಗುತ್ತದೆ, ತಿಂದದ್ದು ವಾಂತಿಯಾಗುತ್ತದೆ. ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಹೇಳಬಲ್ಲಷ್ಟೇ ವೇಗವಿರಲಿ.

ಅಂಗಡಿಯ ಸರಕಿನ ಬಗ್ಗೆ ಒಂದು ಮಾತು. ನೀರಿನಲ್ಲಿ ಕರಗಿಸುವ ಸಕ್ಕರೆರಹಿತ ಎಲೆಕ್ಟ್ರೋಲೈಟ್ ಮಾತ್ರೆಗಳು ಶಕ್ತಿ ಕೊಡುವುದಿಲ್ಲ. ಸಿಹಿ ಪೊಟ್ಟಣಗಳಲ್ಲಿ ಕೆಲವದರಲ್ಲಿ ಸೋಡಿಯಂ ಹೆಸರಿಗಷ್ಟೇ ಇರುತ್ತದೆ, ಹಿಂಬದಿಯ ಅಕ್ಷರ ಓದಿಯೇ ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಉಳ್ಳ ಭೇದಿಯ ಮದ್ದು, ಸವಾರಿಯ ಇಂಧನವಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ನಾವು ಬೆವರಿನಲ್ಲಿ ಕಳೆದುಕೊಳ್ಳುವ ಸೋಡಿಯಂ ಅದರಲ್ಲಿ ಕಡಿಮೆ. ಅದನ್ನು ಸ್ಪರ್ಧೆ ಮುಗಿದ ಮೇಲೆ ಕುಡಿಯಿರಿ.

ನಾಲ್ಕನೆಯ ಹಂತ, ಓಟ. ತರಬೇತಿಯಲ್ಲಿ ಪ್ರತಿ ದೀರ್ಘ ಸವಾರಿಯ ಬೆನ್ನಿಗೇ ಇಪ್ಪತ್ತು ನಿಮಿಷ ಓಡಿರಿ. ಸ್ಪರ್ಧೆಯಲ್ಲಿ ಮೊದಲ ಮೂರು ಕಿ.ಮೀ. ಬೇಕೆಂದೇ ನಿಧಾನವಾಗಿರಲಿ, ನೀರಿನ ಕೇಂದ್ರಗಳಲ್ಲಿ ನಡೆಯುತ್ತ ಕುಡಿಯಿರಿ. ಬೆರಳಿನ ಉಂಗುರ ಬಿಗಿಯಾಗಿ, ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಂಡರೆ ನೀರು ಹೆಚ್ಚಾಗಿ ರಕ್ತದ ಸೋಡಿಯಂ ಕುಸಿದಿರಬಹುದು. ಆಗ ಮತ್ತಷ್ಟು ನೀರು ಕುಡಿಸುವುದು ಅಪಾಯಕರ. ಓಟ ನಿಲ್ಲಿಸಿ, ಎಷ್ಟು ಬಾಟಲಿ ಕುಡಿದಿರಿ, ಎಷ್ಟು ಉಪ್ಪು ಹಾಕಿದ್ದಿರಿ ಎಂಬುದನ್ನು ವೈದ್ಯಕೀಯ ಡೇರೆಯಲ್ಲಿರುವವರಿಗೆ ತಿಳಿಸಿ.