ಉಗಾಂಡಾದ ನರ್ಸ್‌ಗಳಿಗೆ ಅಕ್ಯುಪಂಕ್ಚರ್ ಕಲಿಸಲು ಹೊರಡುವವರಿಗೆ

ಮುಂಬೈ, ಪುಣೆಯಿಂದ ಹೊರಡುವ ನಮ್ಮ ಕನ್ನಡದ ಚಿಕಿತ್ಸಕರು ಮೊದಲು ಕಾಗದಪತ್ರ ಮುಗಿಸಿಕೊಳ್ಳಿ. ಮಹಾರಾಷ್ಟ್ರದ 2015ರ ಅಕ್ಯುಪಂಕ್ಚರ್ ಕಾಯ್ದೆಯಡಿ ಮಾಡಿಸಿದ ನೋಂದಣಿ ಅಲ್ಲಿ ನಡೆಯದು. ನೀವು ಕಲಿಸಲು ಹೋಗುವ ಜಿಲ್ಲೆಯ ಆರೋಗ್ಯಾಧಿಕಾರಿಯ ಒಪ್ಪಿಗೆ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ 10 ದಿನ ಮೊದಲೇ ಆಗಿರಬೇಕು. ಆ ಕಾರ್ಡ್ ಇಲ್ಲದೆ ವಾಪಸು ಬಂದರೆ ಮುಂಬೈಯಲ್ಲಿ ಇಳಿದ ಕೂಡಲೇ ಕ್ವಾರಂಟೈನ್.

ಸೂಜಿ ಚುಚ್ಚುವ 361 ಬಿಂದುಗಳ ಚಾರ್ಟ್ ಗೋಡೆಗೆ ಹಚ್ಚುವ ಚಪಲ ಬಿಡಿ. ಮೊದಲ ವಾರಕ್ಕೆ ಮಂಡಿಯ ಕೆಳಗಿನ ಎಸ್‌ಟಿ-36, ಮಣಿಕಟ್ಟಿನ ಒಳಬದಿಗೆ ತುಸು ಮೇಲಿರುವ ಪಿಸಿ-6, ಈ ಎರಡು ಬಿಂದು ಸಾಕು. ಎದೆ, ಬೆನ್ನಿನ ಬಿಂದುಗಳನ್ನು ಮುಟ್ಟಲೇಬೇಡಿ; ಸೂಜಿ ಸ್ವಲ್ಪ ಆಳಕ್ಕಿಳಿದರೂ ಶ್ವಾಸಕೋಶ ತೂತಾಗಬಹುದು. ಹೆಬ್ಬೆರಳು-ತೋರುಬೆರಳಿನ ನಡುವಿನ ಎಲ್‌ಐ-4, ಕಾಲಿನ ಹರಡಿನ ಒಳಬದಿಗೆ ಮೇಲಿರುವ ಎಸ್‌ಪಿ-6 ಬಸುರಿಯರಿಗೆ ಬೇಡ.

ಎಸ್‌ಟಿ-36 ಹುಡುಕಲು ಮಂಡಿ ಮಡಿಸಿಸಿ. ಚಿಪ್ಪಿನ ಕೆಳಗೆ ಹೊರಬದಿಗೆ ಒಂದು ಗುಳಿ ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳಗಲ ಕೆಳಗೆ, ಕಾಲಿನ ಮುಂದಿನ ಎಲುಬಿನ ಏಣಿನಿಂದ ಒಂದು ಬೆರಳು ಹೊರಗೆ. ಅಳತೆ ರೋಗಿಯ ಬೆರಳಿನದು, ನರ್ಸಿನ ಬೆರಳಿನದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಸೂಜಿ ಎಲುಬಿಗೆ ತಾಗಿತೆಂದರೆ ಜಾಗ ತಪ್ಪಿ ಕಾಲಿನ ತೀರಾ ಒಳಬದಿಗೆ ಹಾಕಿದ್ದಾರೆ ಎಂದರ್ಥ.

ನರ್ಸ್‌ಗಳು ಮೊದಲು ಬಿಗಿಯಾಗಿ ಸುತ್ತಿದ ಹತ್ತಿಯುಂಡೆಗೆ ಚುಚ್ಚಲಿ, ಆಮೇಲೆ ತಮ್ಮದೇ ಕಾಲಿಗೆ. 0.25 × 40 ಮಿ.ಮೀ. ಸೂಜಿಯನ್ನು 25 ಮಿ.ಮೀ. ಇಳಿಸಿದರೆ ಸಾಕು, ಹಿಡಿಯವರೆಗೂ ಹೂತರೆ, ಮುರಿಯುವುದು ಆ ಬುಡದಲ್ಲೇ, ಹೊರಗೆ ಎಳೆಯಲು ತುದಿಯೂ ಉಳಿಯದು. ಪಿಸಿ-6ರ ಅಡಿಯಲ್ಲಿ ದೊಡ್ಡ ನರವಿದೆ. ಕರೆಂಟ್ ಹೊಡೆದಂತಾಯಿತು ಎಂದರೆ ತಕ್ಷಣ ಹಿಂದೆಳೆಯಲಿ.

ಹಸಿದವರಿಗೆ, ಕೂತು ಚುಚ್ಚಿಸಿಕೊಳ್ಳುವವರಿಗೆ ತಲೆ ಸುತ್ತುವುದು ಜಾಸ್ತಿ. ಎಲ್ಲ ಸೂಜಿ ತೆಗೆದು, ಮಲಗಿಸಿ, ಕಾಲು ಎತ್ತರಕ್ಕಿಡಿ. ಜ್ವರವಿದ್ದರೆ ಮೊದಲು ಮಲೇರಿಯಾ ಪರೀಕ್ಷೆ, ಸೂಜಿ ಆಮೇಲಿನ ಮಾತು. ಎಚ್‌ಐವಿ ಮಾತ್ರೆ ನಿಲ್ಲಿಸಬಹುದೆಂಬ ಮಾತು ಯಾರ ಬಾಯಲ್ಲೂ ಬರಬಾರದು. ನಾವು ಕಲಿಸುತ್ತಿರುವುದು ನೋವು, ವಾಕರಿಕೆ ತಗ್ಗಿಸುವುದನ್ನು, ಅಷ್ಟೇ.

ಸೂಜಿ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ತೆಗೆದದ್ದು ನೇರ ಗಟ್ಟಿ ಡಬ್ಬಿಗೆ. ಅದು ಮುಕ್ಕಾಲು ತುಂಬಿದೊಡನೆ ಮುಚ್ಚಿಬಿಡಿ. ನರ್ಸಿಗೆ ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆಯಿರಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ, ಆದಷ್ಟು ಬೇಗ ಶುರುವಾಗಬೇಕು, 28 ದಿನ ನಡೆಯಬೇಕು. ಆ ಮಾತ್ರೆ ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂದು ಪಾಠಕ್ಕೆ ಮುಂಚೆಯೇ ಕೇಳಿಕೊಳ್ಳಿ.

ಇನ್ನು ಸರಬರಾಜು. ರೋಗಿಗೆ 6 ಸೂಜಿ, ದಿನಕ್ಕೆ 10 ರೋಗಿ ಎಂದರೂ 100ರ ಪೆಟ್ಟಿಗೆ ಎರಡು ದಿನ ಬಾರದು. ಸ್ಟಾಕ್ ಮುಗಿದ ದಿನ ಕುದಿಸಿ ಮತ್ತೆ ಬಳಸುವ ಯೋಚನೆ ಬಂದೇ ಬರುತ್ತದೆ. ಅದಕ್ಕೆ ಎಡೆ ಕೊಡಬೇಡಿ; ಎಷ್ಟು ನರ್ಸ್‌ಗಳಿಗೆ ವರ್ಷವಿಡೀ ಸೂಜಿ ಒದಗಿಸಬಲ್ಲಿರೋ ಅಷ್ಟೇ ಜನರನ್ನು ಪಾಠಕ್ಕೆ ಸೇರಿಸಿಕೊಳ್ಳಿ.