ಬೆಣ್ಣೆಹೊಳೆಗೆ ಹೊರಟಿರಾ? ಕೊನೆಯ ನೂರು ಹೆಜ್ಜೆ ನಿಧಾನ

ಶಿರಸಿ–ಕುಮಟಾ ದಾರಿಯಲ್ಲಿ, ಕಸಗೆ ಊರಿನ ಹತ್ತಿರ ಬೆಣ್ಣೆಹೊಳೆ ಜಲಪಾತ ಇದೆ. ಮುಂದೆ ಅಘನಾಶಿನಿಗೆ ಸೇರುವ ಹೊಳೆ ಇದು. ಬಂಡೆಯ ಮೇಲೆ ನೊರೆನೊರೆಯಾಗಿ ಇಳಿಯುವುದನ್ನು ಕಂಡರೆ ಆ ಹೆಸರು ಯಾಕೆ ಅಂತ ಕೇಳಬೇಕಾಗಿಲ್ಲ. ಗಾಡಿ ನಿಲ್ಲಿಸಿ ಕಾಡಿನಲ್ಲಿ ಎರಡು ಕಿ.ಮೀ.ನಷ್ಟು ನಡೆದರೆ ಆಯಿತು. ದಾರಿ ಸಣ್ಣದು ಅಲ್ವಾ ಅಂತ ಚಪ್ಪಲಿಯಲ್ಲೇ ಬಂದು, ಕೊನೆಯಲ್ಲಿ ಬಿದ್ದು ಕೈಕಾಲು ಮುರಿದುಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಜುಲೈ, ಆಗಸ್ಟ್ ಬೇಡವೇ ಬೇಡ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಿ. ನೀರೂ ಇರುತ್ತದೆ, ಬಂಡೆಯೂ ಕಾಣುತ್ತದೆ. ಜೋರು ಮಳೆಯಲ್ಲಿ ಅರಣ್ಯ ಇಲಾಖೆ ಜಲಪಾತಗಳಿಗೆ ಪ್ರವೇಶ ನಿಲ್ಲಿಸುವುದುಂಟು. ಹೊರಡುವ ಮೊದಲೇ ವಿಚಾರಿಸಿ. ನೀರು, ಅವಲಕ್ಕಿ, ಒಂದು ಟವೆಲ್, ಬೆಳಿಗ್ಗೆ ಎಂಟಕ್ಕೆ ನಡಿಗೆ ಶುರು.

ಕಾಲಿಗೆ ಹಲ್ಲಿರುವ ರಬ್ಬರ್ ಅಟ್ಟೆಯ ಶೂ ಹಾಕಿ. ಅಟ್ಟೆ ಗಟ್ಟಿಯಾಗಿ, ನುಣುಪಾಗಿದ್ದರೆ ಎಷ್ಟೇ ದುಬಾರಿ ಶೂ ಆದರೂ ಒದ್ದೆ ಬಂಡೆಯ ಮೇಲೆ ಸಾಬೂನಿನ ಹಾಗೆ. ಅಂದಹಾಗೆ, ಬಸ್ ಸ್ಟ್ಯಾಂಡಿನ ಹತ್ತಿರ ಸಿಗುವ ತೆಳು ಪ್ಲಾಸ್ಟಿಕ್ ರೇನ್‌ಕೋಟಿಗೆ ದುಡ್ಡು ಹಾಕಬೇಡಿ. ಮೊದಲ ಮುಳ್ಳಿನ ಗಿಡಕ್ಕೇ ಹರಿಯುತ್ತದೆ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಬೇಡಿ. ಉಪ್ಪು, ಹೊಗೆಸೊಪ್ಪು ಎರಡನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಒದ್ದೆ ಮಾಡಿ, ಕೋಲಿನ ತುದಿಗೆ ಸಿಕ್ಕಿಸಿಕೊಳ್ಳಿ. ಕಚ್ಚಿದ್ದಕ್ಕೆ ಮುಟ್ಟಿಸಿದರೆ ಬಿದ್ದುಹೋಗುತ್ತದೆ. ಬೆಂಕಿಕಡ್ಡಿ ಗೀರಿ ಸುಡುವುದು ಬೇಡ, ನಿಮ್ಮ ಚರ್ಮವೇ ಸುಡುತ್ತದೆ. ಆಮೇಲೆ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತದೆ, ಅಷ್ಟೇ.

ಈಗ ಕಷ್ಟದ ಜಾಗ. ನೀರಿನ ಸದ್ದು ಕೇಳಿದ ಕೂಡಲೇ ಎಲ್ಲರ ಕಾಲೂ ಚುರುಕಾಗುತ್ತದೆ. ನೀವು ಅಲ್ಲೇ ನಿಲ್ಲಿ. ಫೋನ್ ಒಳಗಿಡಿ. ಬಂಡೆಯನ್ನು ಬಗ್ಗಿ ನೋಡಿ. ಬೂದು ಬಣ್ಣದ, ಮುಟ್ಟಿದರೆ ತರಿತರಿ ಅನ್ನಿಸುವ ಕಲ್ಲಿನ ಮೇಲೆ ಕಾಲಿಡಬಹುದು. ಕಪ್ಪಗೆ ಮಿರಿಮಿರಿ ಹೊಳೆಯುವುದು ಹಾವಸೆ (ಪಾಚಿ) ಕಟ್ಟಿದ ಕಲ್ಲು. ಬೆರಳಿಟ್ಟರೆ ಲೋಳೆ ಹತ್ತುತ್ತದೆ. ಅದರ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಇಳಿಜಾರಿದ್ದರೆ ನಾಚಿಕೆ ಬಿಟ್ಟು ಕೂತು ಇಳಿಯಿರಿ.

ನೀರಿಗೆ ಇಳಿಯಲೇಬೇಕಾದರೆ ಹೊಳೆ ಅಗಲವಾಗಿರುವ ಕಡೆ ಇಳಿಯಿರಿ. ಕಿರಿದಾದ ಜಾಗ ಸುಲಭ ಅಂತ ಕಾಣುತ್ತದೆ, ಆದರೆ ಆಳವೂ ಸೆಳವೂ ಅಲ್ಲೇ ಜಾಸ್ತಿ. ಮೊಣಕಾಲು ಮುಳುಗಿತೋ, ವಾಪಸ್. ಶೂ ಬಿಚ್ಚಬೇಡಿ. ಚೀಲದ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಮುಖ ನೀರು ಬರುವ ಕಡೆಗಿರಲಿ. ಕೋಲು ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದು. ಕಲ್ಲಿಂದ ಕಲ್ಲಿಗೆ ಹಾರಬೇಡಿ. ಜಲಪಾತದ ನೆತ್ತಿಯ ಮೇಲಂತೂ ಎಲ್ಲೂ ದಾಟಬೇಡಿ.

ದಡದಲ್ಲಿ ಕೂತಾಗ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿಯುತ್ತಿರಬಹುದು. ತಿಳಿನೀರು ರಾಡಿಯಾಯಿತು, ಎಲೆ, ಕಡ್ಡಿ ತೇಲಿಬಂದವು, ಕಡ್ಡಿಯ ಬುಡಕ್ಕೆ ನೀರು ಏರಿತು ಅಂದರೆ ಚೀಲ ಹುಡುಕುತ್ತಾ ಕೂರಬೇಡಿ, ಮೇಲೆ ಹತ್ತಿ.

ಫೋಟೊಗೆ ಅಂತ ಅಂಚಿಗೆ ಹೋಗಬೇಡಿ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ, ಗೆಳೆಯ ವಿಡಿಯೊ ತೆಗೆಯುತ್ತಿರುವಾಗಲೇ ಜಾರಿ ನೀರುಪಾಲಾದ. ಆ ವಿಡಿಯೊ ನೋಡಿದ ಮೇಲೆ ನಾನು ಹೊಳೆಯ ಹತ್ತಿರ ಯಾರಿಗೂ ಫೋಟೊ ತೆಗೆದುಕೊಡುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಅಲ್ಲಿಂದ ಜಲಪಾತ ಪೂರ್ತಿ ಕಾಣುತ್ತದೆ.

ಮಧ್ಯಾಹ್ನ ಎರಡಕ್ಕೆ ಹೊರಡಿ. ಕಸ ವಾಪಸ್ ತನ್ನಿ. ಗಾಡಿ ಹತ್ತುವ ಮುಂಚೆ ಕಾಲ್ಬೆರಳ ಸಂದು, ಮೊಣಕಾಲ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ. ಒಂದೆರಡು ಉಂಬಳ ಅಲ್ಲೇ ಇರುತ್ತವೆ.