ಪಿಟ್ಯುಟರಿ ದೊಡ್ಡದಾಗಿದೆ ಎಂದರೆ ಮೊದಲು ಟಿಎಸ್‌ಎಚ್ ನೋಡಿ

ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ತಲೆಯ ಎಂಆರ್‌ಐ ಹಿಡಿದು ಬರುವವರು ಆಗಲೇ ಅರ್ಧ ಸೋತಿರುತ್ತಾರೆ. ಪಿಟ್ಯುಟರಿ ಎಂದರೆ ಮೆದುಳಿನ ಬುಡದಲ್ಲಿರುವ ಪುಟ್ಟ ಹಾರ್ಮೋನು ಗ್ರಂಥಿ. ರಿಪೋರ್ಟಿನಲ್ಲಿ ‘ಪಿಟ್ಯುಟರಿ ದೊಡ್ಡದಾಗಿದೆ’ ಎಂದಿದ್ದರೆ ಸಾಕು, ಮನೆಯವರಿಗೆ ಅದು ಗಡ್ಡೆಯೇ. ಆಪರೇಷನ್ನಿಗೆ ದುಡ್ಡು ಹೊಂದಿಸುವ ಮಾತೂ ಶುರುವಾಗಿರುತ್ತದೆ. ನಾನು ಮೊದಲು ಕೇಳುವುದು ಟಿಎಸ್‌ಎಚ್, ಅಂದರೆ ಥೈರಾಯ್ಡಿನ ರಕ್ತಪರೀಕ್ಷೆ, ಮಾಡಿಸಿದ್ದೀರಾ ಅಂತ.

ಚಿಂಚೋಳಿ ಕಡೆಯ ಹುಡುಗಿಯೊಬ್ಬಳು ಹೀಗೇ ಬಂದಿದ್ದಳು. ತಲೆನೋವು, ಮುಟ್ಟು ನಿಂತಿತ್ತು, ಎದೆಯಲ್ಲಿ ಹಾಲು ಬರುತ್ತಿತ್ತು. ಗ್ರಂಥಿಯ ಎತ್ತರ 14 ಮಿ.ಮೀ. ಆ ವಯಸ್ಸಿನ ಹುಡುಗಿಯರಲ್ಲಿ 10ರವರೆಗೂ ಇರಬಹುದು, ಇದು ಜಾಸ್ತಿಯೇ. ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಸ್ವಲ್ಪ ಏರಿತ್ತು, 100 ng/mL ದಾಟಿರಲಿಲ್ಲ. “ತಲ್ಯಾಗ ಗಡ್ಡಿ ಅದ ಅಂದಾರ್ರಿ ಸರ” ಎಂದು ಅವಳ ಅಪ್ಪ ಕಣ್ಣೀರು ಹಾಕಿದರು.

ಅವಳ ಮುಖ ಊದಿಕೊಂಡಿತ್ತು, ಚರ್ಮ ಒಣಗಿತ್ತು. ಮಂಚದ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಪಾದ ಚಕ್ಕನೆ ಚಿಮ್ಮಿತು, ಆದರೆ ವಾಪಸ್ ಬರುವಾಗ ನಿಧಾನ, ಬಹಳ ನಿಧಾನ. ಥೈರಾಯ್ಡಿನ ಕೆಲಸ ತೀರಾ ಕುಗ್ಗಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಟಿಎಸ್‌ಎಚ್ 100 ಮೀರಿತ್ತು, ತೀರಾ ಹೆಚ್ಚು.

ಥೈರಾಯ್ಡ್ ಕೆಲಸ ಮಾಡದಿದ್ದರೆ ಮೆದುಳು ಟಿಆರ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚು ಕಳಿಸುತ್ತದೆ. ಅದರಿಂದ ಪಿಟ್ಯುಟರಿಯ ಜೀವಕೋಶಗಳೇ ಹೆಚ್ಚಾಗಿ ಗ್ರಂಥಿ ಸಮನಾಗಿ ಉಬ್ಬುತ್ತದೆ. ಅದೇ ಹಾರ್ಮೋನು ಪ್ರೊಲ್ಯಾಕ್ಟಿನ್ನನ್ನೂ ಏರಿಸುತ್ತದೆ. ಗಡ್ಡೆ ಎಂದು ಇದನ್ನು ಕೊಯ್ದರೆ ಚೆನ್ನಾಗಿರುವ ಗ್ರಂಥಿಯನ್ನೇ ಕಳೆದಂತೆ, ಅಲ್ವಾ?

ಥೈರಾಯ್ಡ್ ಹಾರ್ಮೋನಿನ ಗುಳಿಗೆಯಾದ ಥೈರಾಕ್ಸಿನ್ ಕೊಡುವ ಮುಂಚೆ ಬೆಳಗಿನ 8 ಗಂಟೆಯ ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನು) ನೋಡಿದೆ. ಇದನ್ನು ನಾನು ಬಿಡುವುದೇ ಇಲ್ಲ. ಕಾರ್ಟಿಸೋಲ್ ಕಡಿಮೆಯಿದ್ದಾಗ ಮೊದಲು ಥೈರಾಕ್ಸಿನ್ ಕೊಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಅವಳದು ಸರಿಯಿತ್ತು, ಗ್ರಂಥಿ ಉಬ್ಬಿ ಕಣ್ಣಿನ ನರ ಒತ್ತಿದರೆ ಕುಗ್ಗುವ ಪಕ್ಕದ ನೋಟವೂ ಸರಿಯಿತ್ತು. ಗುಳಿಗೆ ಶುರು ಮಾಡಿದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ, ಅರ್ಧ ಗಂಟೆ ಚಹಾ ಬೇಡ. ಕಬ್ಬಿಣಾಂಶದ ಮಾತ್ರೆಗೆ 4 ಗಂಟೆ ಅಂತರ. ಕೆಲವು ತಿಂಗಳ ನಂತರದ ಎಂಆರ್‌ಐಯಲ್ಲಿ ಗ್ರಂಥಿ ಮೊದಲಿನಂತಾಗಿತ್ತು, ಮುಟ್ಟೂ ಬಂದಿತ್ತು. “ಇನ್ನ ಗುಳಿಗಿ ಬಿಡ್ಲೇನ್ರಿ?” ಎಂದು ಅಪ್ಪ ಕೇಳಿದರು. ಬಿಡಬ್ಯಾಡ್ರಿ, ಬಿಟ್ಟರೆ ಮತ್ತೆ ಉಬ್ತದ ಎಂದೆ.

ಎಲ್ಲರದೂ ಹೀಗಲ್ಲ. ಬಸಿರಿನಲ್ಲಿ ಗ್ರಂಥಿ ತಾನಾಗಿಯೇ ದೊಡ್ಡದಾಗುತ್ತದೆ. ಗ್ಯಾಸಿಗೆಂದು ನುಂಗುವ ಡಾಂಪೆರಿಡೋನ್, ಲೆವೊಸಲ್ಪಿರೈಡ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಹಾಗಾಗಿ ಮನೆಯಲ್ಲಿರುವ ಮಾತ್ರೆಯೆಲ್ಲ ತನ್ನಿ ಅಂತೀನಿ. ದೊಡ್ಡ ಗಡ್ಡೆಯ ಜೊತೆ ಪ್ರೊಲ್ಯಾಕ್ಟಿನ್ 200 ng/mL ದಾಟಿದ್ದರೆ ಅದು ಬಹುಮಟ್ಟಿಗೆ ಪ್ರೊಲ್ಯಾಕ್ಟಿನೋಮ, ಅಂದರೆ ಪ್ರೊಲ್ಯಾಕ್ಟಿನ್ ಸುರಿಸುವ ಗಡ್ಡೆ. ಅದಕ್ಕೂ ಸಾಮಾನ್ಯವಾಗಿ ಮೊದಲು ಕ್ಯಾಬರ್ಗೋಲಿನ್ ಮಾತ್ರೆಯೇ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಚಪ್ಪಲಿ, ಉಂಗುರ ಬಿಗಿಯಾಗುತ್ತ ಬಂದಿದ್ದರೆ, ಪಕ್ಕದ ನೋಟ ಕುಗ್ಗಿದ್ದರೆ ನರಶಸ್ತ್ರಚಿಕಿತ್ಸಕರ ಬಳಿ ಕಳಿಸುತ್ತೇನೆ. ಗಡ್ಡೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ.

ಒಮ್ಮೆಲೇ ಸಿಡಿಯುವಂಥ ತಲೆನೋವು, ವಾಂತಿ, ಕಣ್ಣು ಮಂಜು ಆದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ. ಗ್ರಂಥಿಯೊಳಗೆ ರಕ್ತಸ್ರಾವ ಆಗಿರಬಹುದು. ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಿ.